ಸೂಜಿಗಲ್ಲು ಸೆಳೆಯುವುದೇನು?

ಕಳೆದ ವರ್ಷ ಹಸ್ತಾ ಮಳೆ ಹಿಡಿದು ಬಿಟ್ಟ ಮರುದಿನ ನಾವು ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿದ್ದೆವು. ಎಪ್ಪತ್ತು ದಾಟಿದ ಅತ್ತೆಯವರು ಎಂದಿನಂತೆ ಬಾಗಿಲಲ್ಲಿಯೇ ನಿಂತು ಬರಮಾಡಿಕೊಂಡರು. ನೀರಿನ ಲೋಟ ಕೊಡಲು ಚಾಚಿದ ಅವರ ಕೈಯಲ್ಲಿ ತಾಮ್ರದ ಬಣ್ಣದ ಹೊಸ ಕಡಗವೊಂದು ಕಂಡಿತು. ವಿಚಾರಿಸಲಾಗಿ, ಅದು ಕಾಂತದ ಕಡಗವೆಂದೂ, ಮನೆಬಾಗಿಲಿಗೆ ಬಂದ ಮಾರಾಟಗಾರನೊಬ್ಬ ಕೊಟ್ಟುಹೋದನೆಂದೂ, ಅದನ್ನು ಧರಿಸಿದರೆ ರಕ್ತ ಸರಾಗವಾಗಿ ಹರಿದು ಒತ್ತಡ ತಾನಾಗಿಯೇ ಇಳಿಯುವುದೆಂದೂ ಹೇಳಿದರು. ಅದಕ್ಕೆ ಅವರು ತೆತ್ತ ಹಣಕ್ಕಿಂತ ಹೆಚ್ಚಾಗಿ ನಮ್ಮನ್ನು ಕಳವಳಗೊಳಿಸಿದ್ದು ಗೋಡೆಯ ಗೂಡಿನಲ್ಲಿದ್ದ ರಕ್ತದೊತ್ತಡದ ಮಾತ್ರೆಗಳು. ಮೂರು ವಾರಗಳಿಂದ ಅವುಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.

ನಾವು ಆಕ್ಷೇಪವೆತ್ತಿದಾಗ ಅತ್ತೆಯವರು ಸುಮ್ಮನಾಗಲಿಲ್ಲ. "ಅಲ್ಲ ಕಣಪ್ಪ, ರಕ್ತದಲ್ಲಿ ಕಬ್ಬಿಣದ ಅಂಶ ಇದೆ ಅಂತ ಆಸ್ಪತ್ರೆಯವರೇ ಹೇಳ್ತಾರೆ. ಸೂಜಿಗಲ್ಲು ಕಬ್ಬಿಣ ಎಳೆಯುತ್ತೆ ಅನ್ನೋದು ಮಕ್ಕಳಿಗೂ ಗೊತ್ತು. ಇದರಲ್ಲಿ ಸುಳ್ಳೆಲ್ಲಿ ಬಂತು?" ಎಂದು ಕೇಳಿದರು.

ಪ್ರಶ್ನೆ ಸಾಮಾನ್ಯವಾದುದಲ್ಲ. ಅವರು ಹೇಳಿದ ಎರಡು ಮಾತುಗಳೂ ನಿಜವೇ. ಆದರೆ ಎರಡು ನಿಜಗಳನ್ನು ಕೂಡಿಸಿದಾಗ ಬರುವ ಮೂರನೆಯ ಮಾತೂ ನಿಜವಾಗಲೇಬೇಕೆಂಬ ನಿಯಮವಿಲ್ಲ. ಇದನ್ನು ಅವರಿಗೆ ಮನಗಾಣಿಸುವುದು ಹೇಗೆಂದು ನಾವು ಯೋಚಿಸುತ್ತಿರುವಾಗ, ಉತ್ತರ ಊರ ಹಿಂದಿನ ಹಳ್ಳದಿಂದಲೇ ಬಂದಿತು.

ಅತ್ತೆಯವರ ಮೊಮ್ಮಗ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಕಾಂತಕ್ಕೆ ದಾರ ಕಟ್ಟಿ ಹಳ್ಳದ ಮರಳಿನಲ್ಲಿ ಎಳೆದಾಡುತ್ತಿದ್ದನು. ಮಳೆನೀರು ಹರಿದುಹೋದ ಮೇಲೆ ಬಿಳಿಯ ಮರಳಿನ ನಡುವೆ ಕಪ್ಪು ಗೆರೆಗಳು ಉಳಿಯುವುದನ್ನು ಈ ಸೀಮೆಯ ಓದುಗರು ನೋಡಿಯೇ ಇರುತ್ತಾರೆ. ಆ ಗೆರೆಯ ಮೇಲೆ ಹಾಯ್ದ ಕಾಂತಕ್ಕೆ ಕರಿಯ ಕಣಗಳು ಗಡ್ಡದಂತೆ ಜೋತುಬಿದ್ದಿದ್ದವು. ಅವು ಮ್ಯಾಗ್ನಟೈಟ್ ಎಂಬ ಖನಿಜದ ಕಣಗಳು. ನಮ್ಮ ಹಿರಿಯರು ಸೂಜಿಗಲ್ಲು ಎಂದು ಕರೆದದ್ದು ಇದೇ ಖನಿಜದ ಕಲ್ಲನ್ನು.

ಇದು ಹಳ್ಳಕ್ಕೆ ಬಂದದ್ದು ಬೆಟ್ಟದಿಂದ. ಮಾಗಡಿಯ ಸಾವನದುರ್ಗ, ರಾಮನಗರದ ಬಂಡೆಗಳು, ಅಲ್ಲಿಂದ ಕನಕಪುರದ ಕಡೆಗೆ ಹಬ್ಬಿದ ಕಲ್ಲುಗುಡ್ಡಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಶ್ರೇಣಿಗೆ ಸೇರಿದವು. ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ನೆನಪಿಗೆ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದಿತು. ಊರಿನ ಹೆಸರು ಹೋದರೂ ಕಲ್ಲಿನ ಹೆಸರು ಉಳಿಯಿತು. ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಕಲ್ಲಿನಲ್ಲಿ ಬಿಳಿಯ ಮತ್ತು ನಸುಗೆಂಪು ಹರಳುಗಳ ನಡುವೆ ಅಲ್ಪ ಪ್ರಮಾಣದಲ್ಲಿ ಮ್ಯಾಗ್ನಟೈಟ್ ಹುದುಗಿದೆ. ಬಿಸಿಲು ಮಳೆಗಳಿಗೆ ಬಂಡೆ ಸವೆದಂತೆ ಅದು ಬಿಡಿಯಾಗಿ ತೊರೆ ಸೇರುತ್ತದೆ. ಬಿಳಿಯ ಮರಳಿಗಿಂತ ಇದು ಹೆಚ್ಚುಕಡಿಮೆ ಎರಡು ಪಟ್ಟು ತೂಕದ್ದು. ಆದುದರಿಂದ ಹರಿವ ನೀರು ಹಗುರವಾದ ಮರಳನ್ನು ಮುಂದಕ್ಕೆ ಒಯ್ದು ಇದನ್ನು ಹಿಂದೆ ಬಿಡುತ್ತದೆ. ನಮ್ಮ ತಾಯಂದಿರು ಮೊರದಲ್ಲಿ ಕೇರಿ ಹೊಟ್ಟು ಹಾರಿಸುವ ಕೆಲಸವನ್ನು ಇಲ್ಲಿ ನೀರು ಮಾಡುತ್ತದೆ.

ಈ ಕರಿಯ ಮರಳಿಗೆ ಒಂದು ಕಾಲದಲ್ಲಿ ಬೆಲೆಯಿದ್ದಿತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಮೈಸೂರು ಸೀಮೆಯನ್ನು ಸುತ್ತಿ ಕಂಡುದನ್ನೆಲ್ಲ ಬರೆದಿಟ್ಟರು. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಾಗಡಿಯ ಬಳಿಯ ಘಟ್ಟಿಪುರದ ಸುತ್ತ ಜನರು ಮಳೆಗಾಲದ ತೊರೆಗಳಿಂದ ಕಪ್ಪು ಮರಳನ್ನು ಕೂಡಿಹಾಕಿ, ಇದ್ದಿಲಿನೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದುದನ್ನೂ, ಆ ಕಬ್ಬಿಣವನ್ನು ಮಣ್ಣಿನ ಮೂಸೆಗಳಲ್ಲಿ ಬೇಯಿಸಿ ಉಕ್ಕು ಮಾಡುತ್ತಿದ್ದುದನ್ನೂ ಅವರು ವರ್ಣಿಸಿದ್ದಾರೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ ಅದು ದೂರದೂರಕ್ಕೆ ಹೋಗುತ್ತಿದ್ದಿತೆಂದೂ ಬರೆದಿದ್ದಾರೆ. ಇಂದು ಚನ್ನಪಟ್ಟಣವೆಂದರೆ ಅರಗಿನ ಬಣ್ಣದ ಮರದ ಬೊಂಬೆ ಮಾತ್ರ ನಮ್ಮ ನೆನಪಿಗೆ ಬರುತ್ತದೆ.

ಈಗ ಅತ್ತೆಯವರ ಪ್ರಶ್ನೆಗೆ ಬರೋಣ. ನಾವು ಹುಡುಗನಿಗೆ ಹೇಳಿ ಅಂಗಳದ ಕೆಮ್ಮಣ್ಣನ್ನು ಒಂದು ಹಿಡಿ ತರಿಸಿದೆವು. ಮಾಗಡಿಯ ಮಣ್ಣು ಕೆಂಪಾಗಿರುವುದೇ ಅದರಲ್ಲಿರುವ ಕಬ್ಬಿಣದಿಂದ. ಮರಳನ್ನೆಲ್ಲ ತೊಳೆದು ತೆಗೆದ ನುಣುಪಾದ ಕೆಂಪು ಪುಡಿಯ ಹತ್ತಿರ ಕಾಂತ ಹಿಡಿದಾಗ ಅದು ಹೆಚ್ಚುಕಡಿಮೆ ಸುಮ್ಮನೆ ಬಿದ್ದಿತ್ತು. ಕರಿಯ ಮರಳೂ ಕಬ್ಬಿಣ ಮತ್ತು ಆಮ್ಲಜನಕ ಕೂಡಿ ಆದದ್ದು, ಮಣ್ಣಿನ ಕೆಂಪೂ ಕಬ್ಬಿಣ ಮತ್ತು ಆಮ್ಲಜನಕ ಕೂಡಿ ಆದದ್ದು. ಒಂದನ್ನು ಕಾಂತ ಬಾಚಿಕೊಳ್ಳುತ್ತದೆ, ಇನ್ನೊಂದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಏಕೆ?

ಕಬ್ಬಿಣದ ಪ್ರತಿಯೊಂದು ಪರಮಾಣುವೂ ತನ್ನ ಎಲೆಕ್ಟ್ರಾನುಗಳ ಕಾರಣದಿಂದ ಒಂದು ಅತಿ ಪುಟ್ಟ ಕಾಂತವೇ ಸರಿ. ಆದರೆ ಒಂಟಿಯಾಗಿ ಅದರ ಬಲ ಎಷ್ಟು ಮಾತ್ರದ್ದು? ಗಟ್ಟಿ ಕಬ್ಬಿಣದಲ್ಲಿ ಕೋಟಿ ಕೋಟಿ ಪರಮಾಣುಗಳು ಅಕ್ಕಪಕ್ಕ ನಿಂತು, ಒಂದನ್ನೊಂದು ಪ್ರಭಾವಿಸಿ, ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಮುಖಮಾಡುತ್ತವೆ. ಹೊರಗಿನ ಕಾಂತ ಹತ್ತಿರ ಬಂದೊಡನೆ ಆ ಗುಂಪುಗಳೂ ಒಂದೇ ಕಡೆಗೆ ಸಾಲಾಗುತ್ತವೆ. ಆಗ ಮಾತ್ರ ನಮ್ಮ ಕೈಗೆ ತಿಳಿಯುವ ಸೆಳೆತ ಹುಟ್ಟುತ್ತದೆ. ಮ್ಯಾಗ್ನಟೈಟಿನಲ್ಲಿ ಪರಮಾಣುಗಳು ಎರಡು ಪಕ್ಷಗಳಾಗಿ ಎದುರುಬದುರು ನಿಂತಿದ್ದರೂ ಒಂದು ಪಕ್ಷದ ಬಲ ಹೆಚ್ಚಾಗಿರುವುದರಿಂದ ಸೆಳೆತ ಉಳಿಯುತ್ತದೆ. ಫ್ರಾನ್ಸಿನ ಲೂಯಿ ನೀಲ್ ಅವರು 1948ರಲ್ಲಿ ಇದನ್ನು ವಿವರಿಸಿದರು. ಕೆಮ್ಮಣ್ಣಿನ ಕಬ್ಬಿಣದಲ್ಲಿ ಎರಡೂ ಪಕ್ಷಗಳು ಹೆಚ್ಚುಕಡಿಮೆ ಸರಿಸಮವಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಆದುದರಿಂದ ಕಬ್ಬಿಣವಿದ್ದ ಮಾತ್ರಕ್ಕೆ ಕಾಂತ ಸೆಳೆಯದು. ಅದರ ಪರಮಾಣುಗಳು ಹೇಗೆ ಕೂಡಿ ನಿಂತಿವೆ ಎಂಬುದೇ ಮುಖ್ಯ.

ಇದಕ್ಕೆ ಸಾಕ್ಷಿ ಅಡುಗೆಮನೆಯಲ್ಲಿಯೇ ಇದೆ. ನಾವು ಬಳಸುವ ಒಳ್ಳೆಯ ಸ್ಟೀಲ್ ಪಾತ್ರೆಗಳಲ್ಲಿ ನೂರಕ್ಕೆ 70ರಷ್ಟು ಕಬ್ಬಿಣವೇ. ಆದರೂ ಕ್ರೋಮಿಯಂ ಮತ್ತು ನಿಕಲ್ ಬೆರೆತು ಪರಮಾಣುಗಳ ಜೋಡಣೆ ಬದಲಾಗಿರುವುದರಿಂದ ಅವುಗಳಿಗೆ ಕಾಂತ ಅಂಟುವುದಿಲ್ಲ. ನಿಕಲ್ ಇಲ್ಲದ ಬಗೆಯ ಸ್ಟೀಲಿಗೆ ಅಂಟುತ್ತದೆ. ಇಂಡಕ್ಷನ್ ಒಲೆಗೆ ಅಂತಹ ತಳದ ಪಾತ್ರೆಯೇ ಬೇಕು. ಕಮ್ಮಾರನ ಕುಲುಮೆಯಲ್ಲಿ ಇನ್ನೊಂದು ಸಾಕ್ಷಿಯಿದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಪಗೆ ಕಾದಾಗ ಕಾಂತ ಅದನ್ನು ಹಿಡಿಯಲಾರದು. ಕಾವಿನಿಂದ ಪರಮಾಣುಗಳು ಕುಣಿದಾಡಿ ಸಾಲು ಕೆಡುತ್ತದೆ. ಆರಿದೊಡನೆ ಸೆಳೆತ ಮರಳಿ ಬರುತ್ತದೆ. 1895ರಲ್ಲಿ ಇಂತಹ ಪರೀಕ್ಷೆಗಳನ್ನು ಕ್ರಮವಾಗಿ ನಡೆಸಿದ ಪಿಯರೆ ಕ್ಯೂರಿಯವರ ಹೆಸರನ್ನೇ ಈ ಉಷ್ಣತೆಗೆ ಇಡಲಾಗಿದೆ.

ಹಾಗಾದರೆ ರಕ್ತದ ಕಬ್ಬಿಣ ಹೇಗಿದೆ? ವಯಸ್ಕರ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ ಮಾತ್ರ. ಅದರಲ್ಲಿ ಹೆಚ್ಚಿನ ಪಾಲು ಹಿಮೋಗ್ಲೋಬಿನ್ನಿನಲ್ಲಿದೆ. ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿ 9 ಸಾವಿರಕ್ಕೂ ಹೆಚ್ಚು ಪರಮಾಣುಗಳಿದ್ದು, ಅವುಗಳ ಪೈಕಿ ಕಬ್ಬಿಣದವು ಕೇವಲ ನಾಲ್ಕು. ಅವೂ ಒಂದಕ್ಕೊಂದು ದೂರದಲ್ಲಿ ಒಂಟಿಯಾಗಿ ಕುಳಿತಿವೆ. ಕೂಡಿ ಸಾಲುನಿಲ್ಲಲು ಅಲ್ಲಿ ನೆರೆಹೊರೆಯೇ ಇಲ್ಲ. ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಅವರು 1936ರಲ್ಲಿ ಪರೀಕ್ಷಿಸಿ, ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನನ್ನು ಕಾಂತವು ಸೆಳೆಯುವ ಬದಲು ಅತ್ಯಲ್ಪವಾಗಿ ದೂರ ತಳ್ಳುತ್ತದೆಂದೂ, ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ನನ್ನು ಅತ್ಯಲ್ಪವಾಗಿ ಸೆಳೆಯುತ್ತದೆಂದೂ ತೋರಿಸಿದರು. ಎರಡೂ ಸೂಕ್ಷ್ಮ ಉಪಕರಣಗಳಿಗೆ ಮಾತ್ರ ಗೋಚರಿಸುವಷ್ಟು ದುರ್ಬಲ.

ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದೊಳಗೆ ರೋಗಿಯನ್ನು ಮಲಗಿಸುವ ಕಾಂತಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ, ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರಕ್ಕಿಂತ ಇದು 30 ಸಾವಿರ ಪಟ್ಟಿಗೂ ಮಿಗಿಲು. ಒಳಗೆ ಹೋಗುವ ಮುನ್ನ ಕಬ್ಬಿಣದ ವಸ್ತುಗಳನ್ನೆಲ್ಲ ತೆಗೆಸುತ್ತಾರೆ, ಏಕೆಂದರೆ ಅವು ಬಾಣದಂತೆ ಹಾರಿಹೋಗುತ್ತವೆ. ರಕ್ತ ಮಾತ್ರ ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ. ಅಂತಹ ಯಂತ್ರವೇ ಎಳೆಯಲಾರದ ರಕ್ತವನ್ನು ಮುಂಗೈಯ ಕಡಗ ಎಳೆದೀತೆ? ನೋವಿಗೆ ಕಾಂತದ ಉಪಚಾರ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ವಿಮರ್ಶೆಯೊಂದು 2007ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ನೋವು ನಿವಾರಣೆಗೆ ಅಂತಹ ಕಾಂತಗಳನ್ನು ಬಳಸಲು ದೊರೆತ ಪುರಾವೆಗಳು ಸಮರ್ಥನೆ ನೀಡುವುದಿಲ್ಲವೆಂಬುದೇ ಅದರ ತೀರ್ಮಾನ.

ಹಾಗೆಂದು ಕಾಂತ ನಿರಪಾಯವೆಂದು ಭಾವಿಸಬಾರದು. ಈಗ ಆಟಿಕೆಗಳಲ್ಲಿ ಬರುವ ಕಡಲೆಕಾಳಿನಷ್ಟು ಚಿಕ್ಕ, ಬಹು ಬಲಶಾಲಿ ಕಾಂತಗಳನ್ನು ಮಗು ಎರಡು ಮೂರು ನುಂಗಿದರೆ, ಅವು ಕರುಳಿನ ಎರಡು ಸುರುಳಿಗಳನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಹಿಡಿದು ಕರುಳನ್ನೇ ತೂತುಮಾಡಬಲ್ಲವು. ಅಂತಹ ಶಂಕೆ ಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರು ಬಲವಾದ ಕಾಂತಗಳಿಂದ ದೂರವಿರಬೇಕು.

ಅಂದು ಅತ್ತೆಯವರು ನಮ್ಮ ಮಾತನ್ನೆಲ್ಲ ಕೇಳಿದರಾದರೂ ಒಪ್ಪಲಿಲ್ಲ. ಮರುದಿನ ಒತ್ತಾಯದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ರಕ್ತದೊತ್ತಡ ವೈದ್ಯರೇ ಹುಬ್ಬೇರಿಸುವಷ್ಟು ಏರಿದ್ದಿತು. ಸಕ್ಕರೆಯ ಪರೀಕ್ಷೆಗೆಂದು ಬೆರಳು ಚುಚ್ಚಿದಾಗ ಮೂಡಿದ ಹನಿಯ ಬಳಿಗೆ ಅತ್ತೆಯವರು ತಾವೇ ಕಡಗವನ್ನು ಬಿಚ್ಚಿ ಹಿಡಿದರು. ಮುಂದೆ ತಂದರು, ಹಿಂದೆ ಸರಿಸಿದರು. ಹನಿ ಅಲುಗಲಿಲ್ಲ. ಅವರು ಏನನ್ನೂ ಹೇಳದೆ ಕಡಗವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡರು. ಮನೆಗೆ ಬಂದು ಊಟವಾದ ಮೇಲೆ ವೈದ್ಯರು ಹೇಳಿದಂತೆ ಮಾತ್ರೆ ನುಂಗಿದರು.

ಕಡಗ ಈಗ ಮೊಮ್ಮಗನ ಪಾಲಾಗಿದೆ. ಸ್ಪೀಕರಿನ ಕಾಂತದಷ್ಟು ಮರಳನ್ನು ಅದು ಎತ್ತುವುದಿಲ್ಲವೆಂದು ಅವನ ದೂರು. ಅವನಿಗೆ ಇನ್ನೊಂದು ಆಟ ಹೇಳಿಕೊಟ್ಟು ಬಂದೆವು. ಉಕ್ಕಿನ ಹೊಲಿಗೆ ಸೂಜಿಯನ್ನು ಕಾಂತದ ಒಂದೇ ತುದಿಯಿಂದ ಒಂದೇ ದಿಕ್ಕಿಗೆ ಮೂವತ್ತು ನಲವತ್ತು ಸಲ ಸವರಿ, ಒಣಗಿದ ಎಲೆಯ ಮೇಲಿಟ್ಟು, ನೀರು ತುಂಬಿದ ಹಿತ್ತಾಳೆಯ ಬಟ್ಟಲಿನಲ್ಲಿ ತೇಲಿಬಿಟ್ಟರೆ ಅದು ತಿರುಗಿ ಉತ್ತರ ದಕ್ಷಿಣಕ್ಕೆ ನಿಲ್ಲುತ್ತದೆ. ಮೆದು ಕಬ್ಬಿಣವಾದರೆ ಸವರಿದ ಗುಣವನ್ನು ಬೇಗ ಮರೆಯುತ್ತದೆ, ಉಕ್ಕು ನೆನಪಿಟ್ಟುಕೊಳ್ಳುತ್ತದೆ. ನಮ್ಮ ಓದುಗರೂ ಮಕ್ಕಳೊಡನೆ ಕುಳಿತು ಇದನ್ನು ಮಾಡಿ ನೋಡಬಹುದು. ಮನೆಯಲ್ಲಿ ಹಿರಿಯರಿದ್ದರೆ, ಅವರ ಮಾತ್ರೆಗಳು ದಿನದಿನವೂ ಕಡಿಮೆಯಾಗುತ್ತಿವೆಯೇ ಎಂಬುದನ್ನೂ ಅಂದೇ ಒಮ್ಮೆ ಎಣಿಸಿ ನೋಡಬೇಕೆಂದು ಕೋರುತ್ತೇವೆ.