ನಗರಪಾಲಿಕೆಯ ವಕೀಲರು ಯಾರ ವಕೀಲರು?

ಮುಂಬಯಿಯ ಹೋಟೆಲೊಂದಕ್ಕೆ ಪಾಲಿಕೆಯ ನೋಟೀಸು ಬಂದಿತೆಂದರೆ ಹೆಚ್ಚು ಕಳವಳಗೊಳ್ಳುವವನು ಮಾಲಿಕನಲ್ಲ. ಹಗಲೆಲ್ಲ ಅಲ್ಲಿಯೇ ದುಡಿದು ರಾತ್ರಿ ಮೇಜುಗಳ ನಡುವೆ ಚಾಪೆ ಹಾಸುವ ನಮ್ಮ ಹುಡುಗನು. ಬಾಗಿಲಿಗೆ ಮೊಹರು ಬಿದ್ದ ದಿನ ಅವನ ಸಂಬಳವೂ ಹೋಯಿತು, ಮಲಗುವ ತಾಣವೂ ಹೋಯಿತು. ನೋಟೀಸಿನ ಕೆಳಗೆ ವಾರ್ಡ್ ಕಚೇರಿಯ ಅಧಿಕಾರಿಯ ರುಜು ಇರುತ್ತದೆ. ಆದರೆ ಅದು ನ್ಯಾಯಾಲಯದಲ್ಲಿ ನಿಲ್ಲುವಂತಹುದೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ಪಾಲಿಕೆಯ ಕಾನೂನು ಅಧಿಕಾರಿಯೂ ಅವರ ಕೈಕೆಳಗಿನ ವಕೀಲರೂ. ಅವರ ಹೆಸರು ನಮ್ಮಲ್ಲಿ ಯಾರಿಗೂ ತಿಳಿಯದು.

ಮುಂಬಯಿ ಪಾಲಿಕೆಯ ಆಡಳಿತವು ಇಂದಿಗೂ 1888ರ ಕಾಯಿದೆಯಂತೆ ನಡೆಯುತ್ತಿದೆ. ಖಾನಾವಳಿಗೆ ಬೇಕಾದ ಲೈಸೆನ್ಸು ಅದರ 394ನೆಯ ಕಲಮಿನದು. ಅನುಮತಿಯಿಲ್ಲದೆ ಕಟ್ಟಿದುದಕ್ಕೆ ಕಾರಣ ಕೇಳುವುದು 351ನೆಯದು. ದಾವೆ ಹೂಡುವ, ಹಿಂದೆಗೆಯುವ, ಕಾನೂನಿನ ಸಲಹೆ ಪಡೆಯುವ ಅಧಿಕಾರವನ್ನು 517ನೆಯ ಕಲಮು ಆಯುಕ್ತರಿಗೆ ಕೊಡುತ್ತದೆ. ಕರಾರು ಪತ್ರಗಳನ್ನು ಪರಿಶೀಲಿಸುವುದು, ಇಲಾಖೆಗಳಿಗೆ ಅಭಿಪ್ರಾಯ ಕೊಡುವುದು, ಖಟ್ಲೆ ನಡೆಸುವುದು, ಇವೆಲ್ಲ ವಕೀಲರ ಕೆಲಸಗಳೇ. ಜನರ ಕಣ್ಣಿಗೆ ಬೀಳುವುದು ಮಾತ್ರ ಕೊನೆಯದೊಂದೇ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಬೆಲೆಯಿರುವುದು, ರುಜು ಬೀಳುವ ಮೊದಲು "ಇದು ಸಲ್ಲದು" ಎಂದು ಮೇಲಧಿಕಾರಿಗೆ ಹೇಳಬಲ್ಲ ಅಭಿಪ್ರಾಯಕ್ಕೆ.

ಹಾಗೆ ಹೇಳದಿದ್ದರೆ ಏನಾಗುವುದೆಂಬುದಕ್ಕೆ ಮುಂಬಯಿಯ ದೃಷ್ಟಾಂತವೇ ಇದೆ. 1981ರ ಜುಲೈಯಲ್ಲಿ, ಸುರಿಯುವ ಮಳೆಯಲ್ಲಿ, ಕಾಲುದಾರಿಗಳ ಗುಡಿಸಲುಗಳನ್ನು ಕೆಡವಲು ಸರ್ಕಾರವೂ ಪಾಲಿಕೆಯೂ ಹೊರಟವು. ಓಲ್ಗಾ ಟೆಲಿಸ್ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 314ನೆಯ ಕಲಮು ನೋಟೀಸಿಲ್ಲದೆಯೇ ತೆರವುಗೊಳಿಸಲು ಬಿಡುತ್ತದೆ, ಅತಿಕ್ರಮಿಸಿದವರ ಬಳಿ ಕೊಡತಕ್ಕ ಉತ್ತರವೇ ಇಲ್ಲ, ಆದ್ದರಿಂದ ಕೇಳುವುದೇಕೆ ಎಂಬುದು ಪಾಲಿಕೆಯ ವಾದವಾಗಿತ್ತು. 1985ರ ಜುಲೈ 10ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ಈ ವಾದವನ್ನು ಒಪ್ಪಲಿಲ್ಲ. ಕಲಮು ನೋಟೀಸಿಲ್ಲದೆ ನಡೆಯಬಹುದೆನ್ನುತ್ತದೆಯೇ ಹೊರತು ನಡೆಯಲೇಬೇಕೆನ್ನುವುದಿಲ್ಲ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಪೀಠವು ತಿಳಿಸಿತು. ಗುಡಿಸಲುಗಳು ಉಳಿದವೆಂದಲ್ಲ. ತೆರವು ಆ ವರ್ಷದ ಅಕ್ಟೋಬರ್ 31ರವರೆಗೆ ಮುಂದೆ ಹೋಯಿತು, ಅಷ್ಟೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಪಾಲಿಕೆಯ ಮೇಲೆ ನಾವು ದಾವೆ ಹೂಡಬೇಕಾದರೆ, ಅದೇ ಕಾಯಿದೆಯ 527ನೆಯ ಕಲಮಿನಂತೆ ಸಾಮಾನ್ಯವಾಗಿ ಒಂದು ತಿಂಗಳ ನೋಟೀಸು ಕೊಡತಕ್ಕದ್ದು. ಇಷ್ಟು ದೊಡ್ಡ ಸಂಸ್ಥೆಗೆ ಯೋಚಿಸಲು ಒಂದು ತಿಂಗಳು ಬೇಕು. ಕಾಲುದಾರಿಯ ಬಡವನಿಗೆ ಮಾತ್ರ ಒಂದು ದಿನವೂ ಬೇಡವೆಂದು ವಾದಿಸಲು ವಕೀಲರು ಸಿದ್ಧರಾಗಿದ್ದರು!

ವಕೀಲರು ಪಾಲಿಕೆಯ ಕೈಕಟ್ಟಬೇಕೆಂದು ನಾವು ಹೇಳುತ್ತಿಲ್ಲ. 2017ರ ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಉಪಾಹಾರಗೃಹಗಳಿಗೆ ಬೆಂಕಿ ಹತ್ತಿ 14 ಮಂದಿ ಸತ್ತರು. ಹೊಗೆ ತುಂಬಿದ ಅಡುಗೆಮನೆ, ಸಾಮಾನು ಒಟ್ಟಿ ಮುಚ್ಚಿದ ಹಿಂಬಾಗಿಲು ಎಂದರೇನೆಂದು ಹೋಟೆಲಿನಲ್ಲಿ ದುಡಿಯುವವರಿಗೆ ವಿವರಿಸಬೇಕಾದುದಿಲ್ಲ. ಅಂತಹ ಕಡೆ ಬೀಗ ಬೀಳಲೇಬೇಕು. ಅವಸರದಲ್ಲಿ, ತಪ್ಪು ಕಲಮು ಕಾಣಿಸಿ ಬರೆದ ನೋಟೀಸಿನ ಮೇಲೆ ತಡೆಯಾಜ್ಞೆ ಬಂದರೆ ಅಪಾಯದ ಕಟ್ಟಡವು ವರ್ಷಗಟ್ಟಲೆ ಹಾಗೆಯೇ ಉಳಿಯುವುದು. ಕಡತವನ್ನು ಮೊದಲೇ ಓದಿ ತಿದ್ದುವ ವಕೀಲನು ಹುಡುಗನ ಹೊಟ್ಟೆಯನ್ನೂ ಕಾಯುತ್ತಾನೆ, ಪ್ರಾಣವನ್ನೂ ಕಾಯುತ್ತಾನೆ.

ನಮ್ಮವರಲ್ಲಿ ರಾತ್ರಿಶಾಲೆಯಲ್ಲಿ ಕಲಿತು ವಕೀಲರ ಕಚೇರಿಗಳಲ್ಲಿ ಗುಮಾಸ್ತರಾದವರು ಎಷ್ಟೋ ಮಂದಿಯಿದ್ದಾರೆ. ವಾಯಿದೆಯ ಮೇಲೆ ವಾಯಿದೆ ಕೇಳಿ ಎದುರುಪಕ್ಷವನ್ನು ದಣಿಸುವುದು ಅವರಿಗೆ ಹೊಸ ಸಂಗತಿಯಲ್ಲ. ಖಾಸಗಿ ಕಕ್ಷಿಗಾರನು ತನ್ನ ಹಣದಿಂದ ಹಾಗೆ ಮಾಡಿಸಿದರೆ ಅವನ ಪಾಡು. ಪಾಲಿಕೆಯ ವಕೀಲರ ಕಕ್ಷಿಗಾರರಾದರೋ ಆಯುಕ್ತರಲ್ಲ, ನಗರಸೇವಕರೂ ಅಲ್ಲ. ಕರ ಕೊಡುವ ನಗರವೇ. 2022ರ ಮಾರ್ಚಿನಲ್ಲಿ ಸದಸ್ಯರ ಅವಧಿ ಮುಗಿದು ಚುನಾವಣೆಯಿಲ್ಲದೆ ವರ್ಷಗಳು ಕಳೆದಾಗ ಆಯುಕ್ತರೇ ಆಡಳಿತಾಧಿಕಾರಿಗಳೂ ಆಗಿದ್ದರು. "ಸೋಲುವ ಈ ಖಟ್ಲೆಯನ್ನು ಏಕೆ ಮುಂದುವರಿಸಿದಿರಿ?" ಎಂದು ಸ್ಥಾಯೀ ಸಮಿತಿಯಲ್ಲಿ ಕುಳಿತು ಕೇಳುವವರು ಆಗ ಇರಲಿಲ್ಲ. ಅಂತಹ ಕಾಲದಲ್ಲಿ ಕೇಳಬೇಕಾದವನು ಸ್ವತಃ ಕಾನೂನು ಅಧಿಕಾರಿಯೇ.

ಉದ್ಯೋಗಸ್ಥಳಕ್ಕೆ ಬೀಗ ಹಾಕುವ ಪ್ರತಿಯೊಂದು ನೋಟೀಸನ್ನೂ ರುಜುವಿಗೆ ಮೊದಲು ವಕೀಲರೊಬ್ಬರು ಓದಿರಬೇಕು. ಗೆದ್ದ, ಸೋತ, ರಾಜಿಯಾದ ದಾವೆಗಳ ಲೆಕ್ಕವನ್ನು, ತಗಲಿದ ವೆಚ್ಚದೊಡನೆ, ಪಾಲಿಕೆಯು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಕರ ವಸೂಲಿಯ ಲೆಕ್ಕವನ್ನು ಪೈಸೆಪೈಸೆಯಾಗಿ ಇಡುವ ಕಚೇರಿಗೆ ಇದು ಅಸಾಧ್ಯವೆಂದು ನಾವು ನಂಬಲಾರೆವು.