ತಡವಾದರೂ ಸರಿ, ಮೊದಲು ಚಿತ್ರಮಂದಿರಕ್ಕೇ ಬರಲಿ

ಕನ್ನಡ ಸಿನಿಮಾ ಪ್ರೇಕ್ಷಕರಲ್ಲಿ, ನಿರ್ಮಾಪಕರಲ್ಲಿ, ಚಿತ್ರಮಂದಿರಗಳ ಮಾಲೀಕರಲ್ಲಿ ಒಂದು ಮನವಿ



ದೊಡ್ಡ ಸಿನಿಮಾವೊಂದರ ಬಿಡುಗಡೆ ಮುಂದಕ್ಕೆ ಹೋದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ: "ಎಷ್ಟೂಂತ ಕಾಯೋದು? ಓಟಿಟಿಗೆ ಕೊಟ್ಟುಬಿಡಲಿ, ಮನೇಲೇ ನೋಡ್ತೀವಿ." ಹೀಗೆ ಹೇಳುವವರನ್ನು ನಾವು ಸಿನಿಮಾದ ವಿರೋಧಿಗಳೆಂದು ತಿಳಿದಿಲ್ಲ. ಕಾದು ಬೇಸತ್ತವರು, ಮಲ್ಟಿಪ್ಲೆಕ್ಸ್ ದರ ಕಂಡು ಹಿಂಜರಿದವರು, ಊರಿನ ಟಾಕೀಸು ಕಣ್ಣೆದುರೇ ಮುಚ್ಚಿದ್ದನ್ನು ನೋಡಿದವರು ಅವರು. ಈ ಕರಪತ್ರ ಮುಖ್ಯವಾಗಿ ಅವರಿಗಾಗಿಯೇ. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ದೊಡ್ಡ ಕನ್ನಡ ಸಿನಿಮಾ ಎಷ್ಟೇ ತಡವಾಗಲಿ, ಮೊದಲು ಚಿತ್ರಮಂದಿರಕ್ಕೇ ಬರಬೇಕು. ಓಟಿಟಿಗೆ ಎಂಟು ವಾರ ಬಿಟ್ಟು, ಮುಂಚೆಯೇ ತಿಳಿಸಿದ ದಿನಕ್ಕೆ ಬರಬೇಕು.

ಕೊರೊನಾ ಕಾಲವನ್ನು ಯಾರೂ ಮರೆತಿಲ್ಲ. 2020ರ ಮಾರ್ಚ್ ಮಧ್ಯದಲ್ಲಿ ರಾಜ್ಯದ ಚಿತ್ರಮಂದಿರಗಳಿಗೆ ಬೀಗ ಬಿತ್ತು. ಅಕ್ಟೋಬರ್ ಮಧ್ಯದಲ್ಲಿ ಅನುಮತಿ ಸಿಕ್ಕಾಗಲೂ ಅರ್ಧದಷ್ಟು ಸೀಟು ಖಾಲಿ ಬಿಡಬೇಕಿತ್ತು. ಆ ನಡುವೆ ಜುಲೈ 17ರಂದು 'ಲಾ', 24ರಂದು 'ಫ್ರೆಂಚ್ ಬಿರಿಯಾನಿ' ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ಅಕ್ಟೋಬರ್ ಕೊನೆಗೆ 'ಭೀಮಸೇನ ನಳಮಹಾರಾಜ' ಬಂತು. ಮರುವರ್ಷ 'ರತ್ನನ್ ಪ್ರಪಂಚ'ವನ್ನು ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಟ್ಟಿಗೆ ಕೂತು ನೋಡಿದರು. ಆ ಚಿತ್ರಗಳನ್ನು ಹಾಗೆ ಬಿಡುಗಡೆ ಮಾಡಿದ್ದು ಸರಿಯಾಗಿತ್ತು. ಬಾಗಿಲೇ ತೆರೆಯದ ಕಾಲದಲ್ಲಿ ಬಡ್ಡಿ ಕಟ್ಟುತ್ತ ಕೂರಿ ಎಂದು ನಿರ್ಮಾಪಕರಿಗೆ ಹೇಳುವ ಹಕ್ಕು ಯಾರಿಗೂ ಇರಲಿಲ್ಲ.

ಆದರೆ ಅದೇ ಕಾಲದ ಇನ್ನೊಂದು ಸಂಗತಿಯನ್ನೂ ಗಮನಿಸಿ. 'ಲಾ', 'ಫ್ರೆಂಚ್ ಬಿರಿಯಾನಿ' ಎರಡೂ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್‌ನ ಚಿತ್ರಗಳು. ಓಟಿಟಿಯ ಬಲವನ್ನು ಕನ್ನಡದಲ್ಲಿ ಅವರಿಗಿಂತ ಮೊದಲು ಅರಿತವರು ಕಡಿಮೆ. ಅವರೇ ನಾಯಕರಾಗಿದ್ದ, ಹೊಂಬಾಳೆ ಫಿಲ್ಮ್ಸ್‌ನ 'ಯುವರತ್ನ' ಮಾತ್ರ ಕಾಯಿತು. 2021ರ ಏಪ್ರಿಲ್ 1ರಂದು ಚಿತ್ರಮಂದಿರಕ್ಕೇ ಬಂತು, ತುಂಬಿದ ಚಿತ್ರಮಂದಿರಗಳಲ್ಲಿ ಓಡಿತು. ಬಿಡುಗಡೆಯ ಬೆನ್ನಿಗೇ ಶೇ 50 ಸೀಟಿನ ನಿಯಮ ಮತ್ತೆ ಜಾರಿಗೆ ಬಂತು. ಚಿತ್ರರಂಗ ಒಕ್ಕೊರಲಿನಿಂದ ಕೇಳಿಕೊಂಡ ಮೇಲೆ ಸರ್ಕಾರ ಏಪ್ರಿಲ್ 7ರವರೆಗೆ ವಿನಾಯಿತಿ ಕೊಟ್ಟಿತು. 9ರಂದು ಸಿನಿಮಾ ಪ್ರೈಮ್‌ಗೆ ಹೋಯಿತು. ಅಲ್ಲಿ ಓಟಿಟಿ ಮಾಡಿದ ಕೆಲಸ ಆಪತ್ಕಾಲದ ಆಸರೆ. ಜನ ಬಾರದೆ ಸಿನಿಮಾ ಹೋದದ್ದಲ್ಲ, ಜನ ಬರುತ್ತಿದ್ದಾಗಲೇ ಬಾಗಿಲು ಅರ್ಧ ಮುಚ್ಚಿದ್ದರಿಂದ ಹೋದದ್ದು.

ಮರುವರ್ಷ ಮಾರ್ಚ್ 17ರಂದು 'ಜೇಮ್ಸ್' ಬಂತು. ಅಪ್ಪು ಎಂದೇ ನಾವು ಕರೆಯುವ ಪುನೀತ್ ತೀರಿಕೊಂಡ ಮೇಲಿನ ಮೊದಲ ಹುಟ್ಟುಹಬ್ಬ. ಅವರ ಪಾತ್ರಕ್ಕೆ ದನಿ ಕೊಟ್ಟವರು ಅಣ್ಣ ಶಿವರಾಜ್‌ಕುಮಾರ್. ಆ ದಿನ ಬೆಳಗಿನ ಆಟಕ್ಕೆ ಜನ ಬಂದದ್ದು ಕತೆ ತಿಳಿಯಲಿಕ್ಕಲ್ಲ. ತೆರೆಯ ಮೇಲೆ ಅಪ್ಪು ಮುಖ ಕಂಡ ಕ್ಷಣ ಶಿಳ್ಳೆ ಹೊಡೆಯಲು ಹೋದವರಿಗೆ ಗಂಟಲು ಕಟ್ಟಿತು. ಪಕ್ಕದಲ್ಲಿ ಕೂತ ಅಪರಿಚಿತರು ಹೆಗಲ ಮೇಲೆ ಕೈಯಿಟ್ಟರು. ಒಂದು ನಾಡು ತನ್ನ ಮನುಷ್ಯನಿಗಾಗಿ ಒಟ್ಟಿಗೆ ಅತ್ತ ದಿನ ಅದು. ಹಾಗೆ ಒಟ್ಟಿಗೆ ಅಳಲು ಒಂದು ಜಾಗ ಬೇಕಿತ್ತು, ಆ ಜಾಗ ಊರೂರಿನ ಚಿತ್ರಮಂದಿರವಾಗಿತ್ತು. ಎಲ್ಲರೂ ತಂತಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ಆ ಚಿತ್ರ ನೋಡಿದ್ದರೆ ನಮಗೆ ಸಿಗುತ್ತಿದ್ದದ್ದೇನು ಎಂದು ಯೋಚಿಸಿ.

ಕಾದವರು ಕೆಟ್ಟರೇ? 'ಕೆಜಿಎಫ್ ಚಾಪ್ಟರ್ 2' ಮೊದಲು 2020ರ ಅಕ್ಟೋಬರ್ 23ಕ್ಕೆ ಎಂದಿತ್ತು. ಆಮೇಲೆ 2021ರ ಜುಲೈ 16 ಎಂದಾಯಿತು. ಕೊನೆಗೆ ಬಂದದ್ದು 2022ರ ಏಪ್ರಿಲ್ 14ರಂದು, ಒಂದೂವರೆ ವರ್ಷ ತಡವಾಗಿ. ಸಾವಿರ ಕೋಟಿಯ ಗಡಿ ದಾಟಿದ ಮೊದಲ ಕನ್ನಡ ಸಿನಿಮಾ ಅದು. '777 ಚಾರ್ಲಿ' 2021ರ ಡಿಸೆಂಬರ್ 31ರಿಂದ ಮರುವರ್ಷದ ಜೂನ್ 10ಕ್ಕೆ ಹೋಯಿತು. ನಾಯಿಯೊಂದರ ಕತೆಗೆ ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪಂದಿರು ಕಣ್ಣೊರೆಸಿಕೊಂಡು ಹೊರಬಂದರು. 'ವಿಕ್ರಾಂತ್ ರೋಣ' ಫೆಬ್ರುವರಿಯಿಂದ ಜುಲೈಗೆ ಸರಿದು ಚಿತ್ರಮಂದಿರದಲ್ಲೇ ತೆರೆ ಕಂಡಿತು. ಹೊರದೇಶದಲ್ಲೂ ಹೀಗೆಯೇ. ಜೇಮ್ಸ್ ಬಾಂಡ್‌ನ 'ನೋ ಟೈಮ್ ಟು ಡೈ' ಒಂದೂವರೆ ವರ್ಷ ಕಾಯಿತು, 'ಟಾಪ್ ಗನ್: ಮ್ಯಾವರಿಕ್' ಎರಡು ವರ್ಷ ಕಾಯಿತು. ಅತ್ತ ವಾರ್ನರ್ ಸಂಸ್ಥೆ 2021ರ ತನ್ನ ಎಲ್ಲ ಚಿತ್ರಗಳನ್ನು ಅಮೆರಿಕದಲ್ಲಿ ಒಂದೇ ದಿನ ಚಿತ್ರಮಂದಿರದಲ್ಲೂ ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಬಿಟ್ಟಿತು. ಅದನ್ನು ವಿರೋಧಿಸಿದ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಆ ಸಂಸ್ಥೆಯನ್ನೇ ಬಿಟ್ಟರು. ಮರುವರ್ಷ ವಾರ್ನರ್ ತಾನೇ ಆ ಪದ್ಧತಿ ಕೈಬಿಟ್ಟಿತು.

"ತಮಿಳಿನಲ್ಲಿ 'ಸೂರರೈ ಪೋಟ್ರು' ನೇರ ಓಟಿಟಿಗೆ ಬಂದು ಗೆಲ್ಲಲಿಲ್ಲವೇ?" ಎಂದು ಕೇಳುವವರಿದ್ದಾರೆ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕಿನಿಂದ ಹುಟ್ಟಿದ ಚಿತ್ರ ಅದು. 2020ರ ನವೆಂಬರಿನಲ್ಲಿ ಪ್ರೈಮ್‌ನಲ್ಲಿ ಬಂತು, ಅತ್ಯುತ್ತಮ ಚಿತ್ರ ಸೇರಿ ಐದು ರಾಷ್ಟ್ರಪ್ರಶಸ್ತಿ ಪಡೆಯಿತು. ಒಳ್ಳೆಯ ಸಿನಿಮಾ ಎಲ್ಲಿ ಬಂದರೂ ಒಳ್ಳೆಯದೇ. ಆದರೆ ಅದನ್ನು ಎಷ್ಟು ಜನ ನೋಡಿದರು ಎಂಬ ಲೆಕ್ಕ ಕಂಪನಿಯ ಒಳಗೇ ಉಳಿಯುತ್ತದೆ. ಟಾಕೀಸಿನಲ್ಲಿ ಹಾಗಲ್ಲ. ಶುಕ್ರವಾರ ಮಧ್ಯಾಹ್ನಕ್ಕೇ ಗೇಟಿನಲ್ಲಿ ನಿಂತವನಿಗೂ ಗೊತ್ತು, ವಿತರಕನಿಗೂ ಗೊತ್ತು, ಎದುರಿನ ಹೋಟೆಲಿನವನಿಗೂ ಗೊತ್ತು. ಸಾರ್ವಜನಿಕವಾಗಿ ಗೆದ್ದ ಸಿನಿಮಾದ ನಿರ್ದೇಶಕನಿಗೆ ಮುಂದಿನ ಚಿತ್ರ ಸಿಗುತ್ತದೆ, ನಟನಿಗೆ ಬೆಲೆ ಬರುತ್ತದೆ, ಭಾಷೆಗೆ ಮಾರುಕಟ್ಟೆ ಹುಟ್ಟುತ್ತದೆ.

ಕನ್ನಡದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಓಟಿಟಿ ಕಂಪನಿಗಳು ಹಿಂದಿ, ತೆಲುಗು, ತಮಿಳಿಗೆ ಸುರಿದಷ್ಟು ದುಡ್ಡನ್ನು ಕನ್ನಡಕ್ಕೆ ಎಂದೂ ಸುರಿದಿಲ್ಲ. ಕೊರೊನಾ ಇಳಿದ ಮೇಲಂತೂ ಚಿತ್ರಮಂದಿರದಲ್ಲಿ ಓಡಿದ್ದನ್ನು ತೋರಿಸಿ, ಆಮೇಲೆ ಮಾತಾಡೋಣ ಎನ್ನುವ ಧೋರಣೆ ಬಂದಿದೆ. ಅನೇಕ ಚಿತ್ರಗಳಿಗೆ ಒಟ್ಟು ಮೊತ್ತವೇ ಇಲ್ಲ, ಜನ ಎಷ್ಟು ಹೊತ್ತು ನೋಡಿದರೋ ಅಷ್ಟಕ್ಕೆ ಲೆಕ್ಕ. ರಕ್ಷಿತ್ ಶೆಟ್ಟಿ ಅವರಂಥ ಹೆಸರಿದ್ದವರೇ 'ಏಕಂ' ಸರಣಿಯನ್ನು ಕೊಳ್ಳುವವರಿಲ್ಲದೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ಮಾಡಿ ತೋರಿಸಬೇಕಾಯಿತು. ಇಂಥ ಖರೀದಿದಾರನ ಕೈಗೆ ನಮ್ಮ ದೊಡ್ಡ ಸಿನಿಮಾಗಳ ಮೊದಲ ದಿನವನ್ನೂ ಒಪ್ಪಿಸಿದರೆ, ನಾಳೆ ದರ ಹೇಳುವವನು ಅವನೊಬ್ಬನೇ. ಚಿತ್ರಮಂದಿರವಿಲ್ಲದ ಕನ್ನಡ ನಿರ್ಮಾಪಕನಿಗೆ ಚೌಕಾಸಿ ಮಾಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

'ಕಾಂತಾರ'ವನ್ನೇ ನೋಡಿ. 2022ರ ಸೆಪ್ಟೆಂಬರ್ 30ರಂದು ಅದು ಬಂದದ್ದು ಕನ್ನಡದಲ್ಲಿ ಮಾತ್ರ. ನೋಡಿದವರು ಹೇಳಿದರು, ಕೇಳಿದವರು ಹೋದರು. ಎರಡು ವಾರದ ಮೇಲೆ, ಬೇರೆ ರಾಜ್ಯದವರು ಕೇಳಿದ್ದಕ್ಕೆ, ಹಿಂದಿ ಅವತರಣಿಕೆ ಬಂತು, ಉಳಿದ ಭಾಷೆಗಳೂ ಹಿಂದೆ ಬಂದವು. ಕರಾವಳಿಯ ಭೂತಕೋಲ ದೇಶದ ಬಾಯಲ್ಲಿ ನಲಿಯಲು ಆ ವಾರಗಳು ಬೇಕಾದವು. ಕೊನೆಯ ಆ ಇಪ್ಪತ್ತು ನಿಮಿಷ ಗುಳಿಗ ದೈವದ ಕೂಗು ಗೋಡೆ ನಡುಗಿಸಿ ಬಂದದ್ದರಿಂದಲೇ ಜನ ಎರಡನೇ ಸಲ, ಮೂರನೇ ಸಲ ಟಿಕೆಟ್ ಕೊಂಡರು. 2025ರ ಜುಲೈನಲ್ಲಿ 'ಸು ಫ್ರಮ್ ಸೋ' ಮತ್ತೆ ಅದನ್ನೇ ತೋರಿಸಿತು. ದೊಡ್ಡ ಸ್ಟಾರ್ ಇಲ್ಲದ, ಒಂದು ಸಣ್ಣ ಊರಿನ ನಗೆಕತೆ ನೂರು ಕೋಟಿ ದಾಟಿತು. ನಗು ನಗುವನ್ನು ಎಳೆತಂದದ್ದು ತುಂಬಿದ ಚಿತ್ರಮಂದಿರದಲ್ಲಿ.

ಇನ್ನು ತಾಲ್ಲೂಕು ಕೇಂದ್ರದ ಒಂದು ಹಳೆಯ ಟಾಕೀಸನ್ನು ಹತ್ತಿರದಿಂದ ನೋಡೋಣ. ದೊಡ್ಡ ಸಿನಿಮಾ ಬರುವ ಹಿಂದಿನ ರಾತ್ರಿ ಅಲ್ಲಿ ಯಾರೂ ಮಲಗುವುದಿಲ್ಲ. ಗೋಂದಿನ ಬಕೆಟ್ ಹಿಡಿದು ಪೋಸ್ಟರ್ ಅಂಟಿಸುವವರು, ಕಟೌಟಿಗೆ ಬೊಂಬು ಕಟ್ಟುವವರು, ಹಾರ ಕಟ್ಟುವ ಹೂವಿನವರು, ಬುಕಿಂಗ್ ಕೌಂಟರಿನವರು, ಗೇಟ್‌ಕೀಪರ್, ಆಪರೇಟರ್, ಬೈಕ್ ಸ್ಟ್ಯಾಂಡಿನ ಚೀಟಿ ಹರಿಯುವ ಹುಡುಗ, ಕ್ಯಾಂಟೀನಿನಲ್ಲಿ ಬೋಂಡಾ ಕರಿಯುವವರು ಎಲ್ಲರಿಗೂ ಅದು ದುಡಿಮೆಯ ದಿನ. ವರ್ಷದಲ್ಲಿ ಇಂಥ ನಾಲ್ಕೈದು ಸಿನಿಮಾ ಬಂದರೆ ಉಳಿದ ವಾರಗಳ ಖಾಲಿ ಆಟಗಳನ್ನು ಟಾಕೀಸು ತಡೆದುಕೊಳ್ಳುತ್ತದೆ. ಆ ನಾಲ್ಕೈದೂ ಓಟಿಟಿ ಪಾಲಾದರೆ ಮಾಲೀಕ ಜಾಗ ಮಾರುತ್ತಾನೆ, ಕಲ್ಯಾಣಮಂಟಪವೋ ಶಾಪಿಂಗ್ ಕಾಂಪ್ಲೆಕ್ಸೋ ಏಳುತ್ತದೆ. ಇದು ಬರಿಯ ಭಯವಲ್ಲ, ನಡೆದಿರುವುದೇ. ಗಾಂಧಿನಗರದ ಕಪಾಲಿ ಹೋಯಿತು. ಮೈಸೂರಿನ ಶಾಂತಲಾ ಕೊರೊನಾ ಕಾಲದಲ್ಲಿ ಮುಚ್ಚಿತು. ಬೆಂಗಳೂರಿನ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ ನಿಂತಿತು. ಟಾಕೀಸು ಹೋದ ಊರಿನಲ್ಲಿ ಹೊಸಬರ ಸಣ್ಣ ಸಿನಿಮಾಕ್ಕೂ ಜಾಗ ಇರುವುದಿಲ್ಲ. ದೊಡ್ಡ ಸಿನಿಮಾ ಹಚ್ಚಿಟ್ಟ ದೀಪದ ಬೆಳಕಿನಲ್ಲೇ ಸಣ್ಣ ಸಿನಿಮಾ ಬಾಳುವುದು.

ಕಳ್ಳಪ್ರತಿಯ ವಿಷಯವನ್ನೂ ಹೇಳಬೇಕು. ಓಟಿಟಿಗೆ ಬಂದ ಕೆಲವೇ ಗಂಟೆಗಳಲ್ಲಿ ಸ್ವಚ್ಛ ಚಿತ್ರ, ಸ್ವಚ್ಛ ಧ್ವನಿಯ ನಕಲು ಟೆಲಿಗ್ರಾಂನಲ್ಲಿ ಹರಿದಾಡುತ್ತದೆ. ಚಿತ್ರಮಂದಿರದಲ್ಲಿ ಕದ್ದು ತೆಗೆದದ್ದು ಮಸುಕಾಗಿರುತ್ತದೆ, ಸಿನಿಮಾ ಪ್ರೀತಿಸುವವರು ಅದನ್ನು ಮುಟ್ಟುವುದಿಲ್ಲ. ಮೊದಲ ದಿನವೇ ಓಟಿಟಿಗೆ ಕೊಡುವುದೆಂದರೆ ಮೊದಲ ದಿನವೇ ಕಳ್ಳರಿಗೆ ಮೂಲಪ್ರತಿ ಸಿಕ್ಕಂತೆ.

ಹಾಗೆಂದು ಎಲ್ಲ ತಪ್ಪೂ ಪ್ರೇಕ್ಷಕರದ್ದು ಎನ್ನುವವರ ಜೊತೆ ನಾವಿಲ್ಲ. ನಾಲ್ಕು ಜನರ ಕುಟುಂಬ ಮಲ್ಟಿಪ್ಲೆಕ್ಸಿಗೆ ಹೋದರೆ ಟಿಕೆಟ್ಟು, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಆಗುವ ಖರ್ಚು ಎಷ್ಟೋ ಮನೆಗಳ ವಾರದ ದಿನಸಿಗೆ ಸಮ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು ₹200ಕ್ಕಿಂತ ಹೆಚ್ಚು ಟಿಕೆಟ್ ದರ ಇರಬಾರದೆಂದು ನಿಯಮ ತಂದಿತು. ಮಲ್ಟಿಪ್ಲೆಕ್ಸ್‌ನವರೂ ನಿರ್ಮಾಣ ಸಂಸ್ಥೆಯವರೂ ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆಯಾಜ್ಞೆ ಬಂತು. ಜನ ಚಿತ್ರಮಂದಿರಕ್ಕೆ ಬರಬೇಕು ಎಂದು ಬೇಡುವ ಕೈಯೇ ಜನರ ಕೈಗೆಟುಕುವ ದರವನ್ನು ತಳ್ಳಿಹಾಕಿದ್ದು ನಮಗೆ ತೀರಾ ನೋವು ತಂದಿದೆ. ಒಂಟಿಪರದೆಯ ಮಾಲೀಕರೂ ಕೇಳಬೇಕಾದ ಮಾತಿದೆ. ಹರಿದ ಸೀಟು, ನೀರಿಲ್ಲದ ಶೌಚಾಲಯ, ಒಡೆದ ಸ್ಪೀಕರು ಇಟ್ಟುಕೊಂಡು ಹೆಣ್ಣುಮಕ್ಕಳು ಬರುತ್ತಿಲ್ಲ ಎಂದರೆ ಹೇಗೆ? ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ನೆಲಮಟ್ಟದಲ್ಲಿ ನಾಲ್ಕು ಕುರ್ಚಿ ಕಾದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ನಿರ್ಮಾಪಕರೇ, ನಿಮ್ಮ ಬಡ್ಡಿಯ ಸಂಕಟ ಅರ್ಥವಾಗುತ್ತದೆ. ಆದರೆ ತಡಕ್ಕೆ ಅರ್ಧ ಕಾರಣ ನೀವೇ ಮೊದಲು ಘೋಷಿಸುವ ಸುಳ್ಳು ದಿನಾಂಕ. ಗ್ರಾಫಿಕ್ಸ್ ಮುಗಿಯದೆ, ಡಬ್ಬಿಂಗ್ ಆಗದೆ, ಸೆನ್ಸಾರ್ ಪತ್ರ ಕೈಗೆ ಬಾರದೆ ಹಬ್ಬದ ದಿನ ನೋಡಿ ಪೋಸ್ಟರ್ ಹಾಕಬೇಡಿ. ಇನ್ನೊಂದು ಮಾತು. 'ಕಾಂತಾರ: ಚಾಪ್ಟರ್ 1' 2025ರ ಅಕ್ಟೋಬರ್ 2ರಂದು ತೆರೆ ಕಂಡಿತು. ಅಕ್ಟೋಬರ್ 31ಕ್ಕೇ ಕನ್ನಡ ಮತ್ತು ಇತರ ದಕ್ಷಿಣದ ಭಾಷೆಗಳಲ್ಲಿ ಪ್ರೈಮ್‌ಗೆ ಬಂತು, ಹಿಂದಿ ಅವತರಣಿಕೆ ಮಾತ್ರ ನವೆಂಬರ್ ಕೊನೆಯವರೆಗೆ ಕಾಯಿತು. ಹಿಂದಿ ಮಲ್ಟಿಪ್ಲೆಕ್ಸ್‌ಗಳು ಎಂಟು ವಾರ ಬೇಕೆಂದು ಪಟ್ಟು ಹಿಡಿದವು, ಪಡೆದವು. ಕನ್ನಡ ಸಿನಿಮಾಕ್ಕೆ ಕನ್ನಡನಾಡಿನ ಟಾಕೀಸಿನಲ್ಲಿ ನಾಲ್ಕು ವಾರ, ಉತ್ತರದವರಿಗೆ ಎಂಟು ವಾರ! ಈ ಅನ್ಯಾಯವನ್ನು ನಮ್ಮ ಪ್ರದರ್ಶಕರು, ವಿತರಕರು, ಚಲನಚಿತ್ರ ವಾಣಿಜ್ಯ ಮಂಡಳಿ ಒಟ್ಟಿಗೆ ಕೂತು ಸರಿಪಡಿಸಬೇಕು. ಎಂಟು ವಾರವೆಂದರೆ ಎಂಟು ವಾರ, ಅದು ಬಿಡುಗಡೆಯ ಪೋಸ್ಟರಿನಲ್ಲೇ ಅಚ್ಚಾಗಲಿ. ಟಾಕೀಸು ಇಲ್ಲದ ಹಳ್ಳಿಯವರಿಗೆ, ಹಾಸಿಗೆ ಹಿಡಿದವರಿಗೆ, ಕನ್ನಡ ಸಿನಿಮಾ ಬಾರದ ದೇಶಗಳಲ್ಲಿರುವ ನಮ್ಮವರಿಗೆ ಯಾವ ದಿನ ಸಿಗುತ್ತದೆಂದು ಅದರಿಂದ ಖಚಿತವಾಗಿ ತಿಳಿಯುತ್ತದೆ. ನೇರ ಓಟಿಟಿಗೆ ಹೋಗಲು ಬಯಸುವ ಸಣ್ಣ ಬಜೆಟ್ಟಿನವರಿಗೆ ಯಾರೂ ಅಡ್ಡಿ ಮಾಡಬಾರದು, ಬಹಿಷ್ಕಾರದ ಬೆದರಿಕೆ ಹಾಕಬಾರದು.

ಓದುಗರೇ, ನಿಮ್ಮಲ್ಲಿ ಕೇಳುವುದು ಇಷ್ಟು. ಮುಂದಿನ ಸಲ ದೊಡ್ಡ ಕನ್ನಡ ಸಿನಿಮಾದ ದಿನಾಂಕ ಮುಂದಕ್ಕೆ ಹೋದರೆ, ಓಟಿಟಿಗೆ ಕೊಡಿ ಎನ್ನಬೇಡಿ. ನಿಜವಾದ ದಿನಾಂಕ ಹೇಳಿ, ದರ ಇಳಿಸಿ ಎನ್ನಿ. ಸಿನಿಮಾ ಬಂದಾಗ ಮೊದಲ ವಾರದಲ್ಲೇ, ಸಾಧ್ಯವಾದರೆ ನಿಮ್ಮೂರಿನ ಒಂಟಿಪರದೆಯ ಟಾಕೀಸಿಗೇ, ಮನೆಯವರನ್ನು ಕರೆದುಕೊಂಡು ಹೋಗಿ. ಟೆಲಿಗ್ರಾಂ ಲಿಂಕ್ ಬಂದರೆ ಅಳಿಸಿ, ಕಳಿಸಿದವರಿಗೆ ಬುದ್ಧಿ ಹೇಳಿ. ಈ ಕರಪತ್ರವನ್ನು ಓದಿದ ಮೇಲೆ ಎಸೆಯದೆ ಇನ್ನೊಬ್ಬರ ಕೈಗೆ ಕೊಡಿ.

ಇಂತಿ ನಿಮ್ಮ,
ಕನ್ನಡ ಚಿತ್ರಪ್ರೇಕ್ಷಕರು