ಮಿರಾಂಡದ ಕಾಣದ ಅರ್ಧ

ಮುಂಬಯಿಯ ಅಂಧೇರಿಯ ದೀಪಗಳ ಪ್ರಭೆಯಲ್ಲಿ ನಕ್ಷತ್ರಗಳನ್ನು ಗುರುತಿಸುವುದೇ ದುಸ್ತರವಾದ ಕಾರಣ, ಇಲ್ಲಿನ ಕನ್ನಡ ಮನೆಗಳ ಹುಡುಗರು ವರ್ಲಿಯಲ್ಲಿ 1977ರಿಂದ ಇರುವ ನೆಹರೂ ತಾರಾಲಯವನ್ನು ನೋಡಿಬಂದು, ಉಳಿದ ಆಕಾಶವನ್ನು ಗಣಕಯಂತ್ರದಲ್ಲಿ ಅರಸುವುದು ಸಹಜವೇ ಸರಿ. ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ‘ಆರ್ಬಿಟರ್’ ಎಂಬ ವ್ಯೋಮಯಾನದ ಸಿಮ್ಯುಲೇಟರ್ ಉಚಿತವಾಗಿ ದೊರೆಯುವುದಲ್ಲದೆ, ಹೊಸ ನೌಕೆಗಳನ್ನೂ ಉಪಗ್ರಹಗಳನ್ನೂ ಬಳಸುವವರೇ ಸೇರಿಸಲು ಆಸ್ಪದವೀಯುತ್ತದೆ. ದ್ರವ್ಯರಾಶಿ, ತ್ರಿಜ್ಯ, ಕಕ್ಷೆಗಳನ್ನು ಬರೆದು, ಗೋಳಕ್ಕೆ ಮೇಲ್ಮೈಯ ಚಿತ್ರವನ್ನು ಹೊದಿಸಿದರಾಯಿತು. ಧರ್ಮಸಂಕಟವಿರುವುದು ಆ ಚಿತ್ರದಲ್ಲಿ.

ಯುರೇನಸ್ಸಿನ ಉಪಗ್ರಹವಾದ ಮಿರಾಂಡವನ್ನೇ ನೋಡಿರಿ. 1948ರಲ್ಲಿ ಕೈಪರ್ ಕಂಡುಹಿಡಿದ, ಸುಮಾರು 470 ಕಿಲೋಮೀಟರ್ ವ್ಯಾಸದ ಈ ಹಿಮಗೋಳದ ಸಮೀಪಕ್ಕೆ ಹೋದುದು ವಾಯೇಜರ್ 2 ನೌಕೆಯೊಂದೇ. ಅದೂ 1986ರ ಜನವರಿ 24ರಂದು, ದಕ್ಷಿಣಾರ್ಧಕ್ಕೆ ಮಾತ್ರ ಬಿಸಿಲಿದ್ದ ಕಾಲದಲ್ಲಿ. ಉತ್ತರಾರ್ಧವು ಬಹುಮಟ್ಟಿಗೆ ಅಗೋಚರವಾಗಿಯೇ ಉಳಿಯಿತು. ಕಂಡಷ್ಟರಲ್ಲಿಯೇ ಎಂಥ ವೈಚಿತ್ರ್ಯ! ವೆರೋನಾ ರೂಪೀಸ್ ಎಂಬ ಕಡಿದಾದ ಬಂಡೆಗೋಡೆಯ ಎತ್ತರ 20 ಕಿಲೋಮೀಟರಿನಷ್ಟೆಂದು ಅಂದಾಜು. ಅಲ್ಲಿಯ ಕ್ಷೀಣ ಗುರುತ್ವದಲ್ಲಿ ಅದರ ಅಂಚಿನಿಂದ ಬಿದ್ದ ಕಲ್ಲು ತಳ ಸೇರಲು ಸುಮಾರು 12 ನಿಮಿಷ ಬೇಕು.

ಯಾನವು ನಿಜವೆನಿಸಬೇಕಾದರೆ ಕಾಣದ ಅರ್ಧವನ್ನೂ ಕಲ್ಪಿತ ಕುಳಿಕಂದರಗಳಿಂದ ತುಂಬಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಬೋಳುಗೋಳದ ಮೇಲೆ ಇಳಿಯುವುದರಲ್ಲಿ ಯಾವ ಸೊಗಸಿದೆ? ಆದರೆ ಕಕ್ಷೆಯ ಗಣಿತದಲ್ಲಿ ದಶಾಂಶಕ್ಕೂ ನಿಷ್ಠವಾದ ಯಂತ್ರವು ನೆಲದ ವಿಷಯದಲ್ಲಿ ಕಥೆ ಕಟ್ಟಿದರೆ, ಕಲಿಯುವ ಬಾಲಕನು ಇವೆರಡನ್ನೂ ಸಮಾನವಾಗಿಯೇ ನಂಬುವನಲ್ಲವೆ? ಆದುದರಿಂದ ಆ ಭಾಗವನ್ನು ಬರಿಯ ಬೂದುಬಣ್ಣದಲ್ಲಿಯೇ ಬಿಡತಕ್ಕದ್ದು. ಕಲ್ಪನೆ ಬೇಕಾದವರಿಗೆ ಅದನ್ನು ಬೇರೆ ಕಡತದಲ್ಲಿ, ಕಲ್ಪನೆಯೆಂದೇ ಹೆಸರಿಟ್ಟು, ಒದಗಿಸಬಹುದು.